ಬೋರಲು ಹಾಕಿದ ಕಲ್ಲು

ನಾನೊಂದು ಅರೆಯುವ ಕಲ್ಲು. ಹಾಗೆಂದ ಕೂಡಲೇ ನಿಮ್ಮ ಅಡುಗೆಮನೆಯ ಮೂಲೆಯಲ್ಲಿ ಕೊಬ್ಬರಿ ಅರೆದು ಅರೆದು ನುಣುಪಾಗಿ ಕೂತ ಕಲ್ಲು ಕಣ್ಣಿಗೆ ಬಂದಿರಬಹುದು. ಅದನ್ನು ನನ್ನ ದೂರದ ದಾಯಾದಿ ಎಂದಿಟ್ಟುಕೊಳ್ಳಿ. ನಾನು ಕೊಬ್ಬರಿಯ ಮುಖ ಕಂಡಿಲ್ಲ, ಮೆಣಸಿನಕಾಯಿಯ ಖಾರವೂ ಗೊತ್ತಿಲ್ಲ. ಹುಟ್ಟಿದ್ದು ಆಸ್ಟ್ರೇಲಿಯಾ ಖಂಡದ ನಟ್ಟನಡುವಿನ ಕೆಂಪು ನೆಲದಲ್ಲಿ. ಯಾವ ದಿಕ್ಕಿಗೆ ನಡೆದರೂ ಸಮುದ್ರ ಸಿಗಲು ತಿಂಗಳುಗಟ್ಟಲೆ ಬೇಕಾಗುವ ಊರು ಅದು.

ಆ ಸೀಮೆಯ ನದಿಗಳಿಗೆ ಒಂದು ಹಟವಿದೆ. ಬೇರೆ ಕಡೆಯ ನದಿಗಳು ಕಡಲು ಹುಡುಕಿಕೊಂಡು ಹೋಗುತ್ತವಂತೆ. ನಮ್ಮವು ಕಡಲಿಗೆ ಬೆನ್ನು ತಿರುಗಿಸಿ ಒಳನಾಡಿಗೇ ಹರಿಯುತ್ತವೆ, ಅರ್ಧ ದಾರಿಯಲ್ಲಿ ಮರಳಿಗೆ ಇಂಗುತ್ತವೆ. ಎಷ್ಟೋ ವರ್ಷಕ್ಕೊಮ್ಮೆ ಒಳ್ಳೆಯ ಮಳೆಯಾದರೆ ಮಾತ್ರ ದೂರದ ಉಪ್ಪಿನ ಕೆರೆಯನ್ನು ಮುಟ್ಟುತ್ತವೆ. ಆ ವರ್ಷ ಎಲ್ಲಿದ್ದವೋ ಎಂಬಂತೆ ಸಾವಿರಾರು ಹೆಜ್ಜಾರ್ಲೆ ಹಕ್ಕಿಗಳು ಬಂದಿಳಿದು ಮರಿ ಮಾಡುತ್ತವೆ. ಕೆರೆ ಬತ್ತಿದ ಮೇಲೆ ಹೊರಟುಹೋಗುತ್ತವೆ. ಬರುವುದು, ಹೋಗುವುದು, ಮತ್ತೆ ಬರುವುದು ನಮ್ಮ ಕಡೆ ಬದುಕಿನ ಕ್ರಮವೇ ಆಗಿತ್ತು. ಇದನ್ನು ನೆನಪಿಟ್ಟುಕೊಳ್ಳಿ, ನನ್ನ ಕಥೆಯೆಲ್ಲ ಇದರ ಮೇಲೇ ನಿಂತಿದೆ.

ಒಂದು ಗುಡ್ಡದ ಮಗ್ಗುಲಲ್ಲಿ ನಾನು ಮರಳುಗಲ್ಲಿನ ಪದರವಾಗಿ ಮಲಗಿದ್ದೆ. ಆ ಗುಡ್ಡ ಯಾರು ಬೇಕಾದರೂ ಬಂದು ಅಗೆಯುವ ಜಾಗವಾಗಿರಲಿಲ್ಲ. ಅದನ್ನು ನೋಡಿಕೊಳ್ಳುವ ಮನೆತನದ ಹಿರಿಯರು ಮೊದಲು ಬೆಟ್ಟಕ್ಕೆ ಹಾಡಿನಲ್ಲಿ ಸುದ್ದಿ ಮುಟ್ಟಿಸಿ, ಆಮೇಲೆ ಗಟ್ಟಿ ಮರದ ಗೂಟಗಳನ್ನು ಪದರದೊಳಗೆ ತೂರಿಸಿ ನನ್ನನ್ನು ಮೀಟಿ ಎಬ್ಬಿಸಿದರು. ಅಂಚುಗಳನ್ನು ತಟ್ಟಿ ತಟ್ಟಿ ದುಂಡಗೆ ಮಾಡಿದರು. ಎರಡು ವರ್ಷದ ಮಗುವಿನಷ್ಟು ತೂಕ ಉಳಿಸಿಕೊಂಡೆ. ಉತ್ತರದಿಂದ ಬಂದವರು ಹಸಿವು ಮರೆಸುವ ಜಗಿಯುವ ಎಲೆಯನ್ನೂ ಹೆಣೆದ ಬಲೆಗಳನ್ನೂ ಕೊಟ್ಟು ನನ್ನನ್ನು ಪಡೆದರು. ಒಬ್ಬ ಹೆಂಗಸು ಕೂದಲಿನ ಹುರಿಯಿಂದ ಸುತ್ತಿದ ಸಿಂಬಿಯ ಮೇಲೆ ನನ್ನನ್ನಿಟ್ಟುಕೊಂಡು ಇಪ್ಪತ್ತು ದಿನ ನಡೆದಳು. ನಡುವೆ ಮೂರು ಭಾಷೆಯ ಜನರ ಸೀಮೆಗಳನ್ನು ದಾಟಿದೆವು. ಎಲ್ಲಿ ಯಾರ ನೆಲ ಮುಗಿದು ಯಾರದು ಶುರುವಾಗುತ್ತದೆಂದು ಅವಳಿಗೆ ಬೇಲಿಯಿಲ್ಲದೆಯೂ ಗೊತ್ತಿತ್ತು.

ಅವಳ ಹೆಸರೇನೆಂದು ಕೇಳಬೇಡಿ. ಆ ಜನರಲ್ಲಿ ತೀರಿಹೋದವರ ಹೆಸರನ್ನು ಬಾಯಲ್ಲಿ ಎತ್ತುವುದಿಲ್ಲ. ಅವರ ಅನ್ನ ಅರೆದ ನಾನೂ ಆ ರೀತಿಗೆ ತಪ್ಪುವುದಿಲ್ಲ.

ಅವಳು ನನ್ನನ್ನು ಇಳಿಸಿದ್ದು ಒಂದು ಒರತೆಯ ಪಕ್ಕದಲ್ಲಿ. ಒಣಗಿದ ಹೊಳೆಯ ತಿರುವಿನಲ್ಲಿ ಮರಳನ್ನು ಮೊಳದುದ್ದ ಬಗೆದರೆ ಸಿಹಿನೀರು. ಒರತೆಗೆ ಅವರ ಭಾಷೆಯಲ್ಲಿ ಒಂದು ಹೆಸರಿದೆ, ಅದನ್ನು ಹೇಳುವ ಹಕ್ಕು ಅವರದು. ಮಳೆ ಬಿದ್ದ ಎರಡು ತಿಂಗಳಿಗೆ ಸುತ್ತಲೂ ನಿಮ್ಮ ಸಾಮೆ ನವಣೆಗಳ ಕಾಡು ನೆಂಟನಂಥ ಹುಲ್ಲು ತೆನೆ ಕಟ್ಟುತ್ತಿತ್ತು. ಹೆಂಗಸರು ತೆನೆ ಬಡಿದು, ಮರದ ತಟ್ಟೆಯಲ್ಲಿ ಕೇರಿ, ನನ್ನ ಮೇಲೆ ಸುರುವಿ, ನೀರು ಚಿಮುಕಿಸಿ, ಕೈಗಲ್ಲಿನಿಂದ ಹಿಂದೆ ಮುಂದೆ ತೀಡುತ್ತಿದ್ದರು. ಕೈಗಲ್ಲು ಎಂದರೆ ನನ್ನ ಜೋಡಿ, ಮುಷ್ಟಿಗೆ ತುಂಬುವಷ್ಟು ದೊಡ್ಡದು. ಬಿಳಿಯ ಹಿಟ್ಟು ಹಾಲಿನಂತೆ ಜಾರಿ ತಟ್ಟೆಗೆ ಬೀಳುತ್ತಿತ್ತು. ಅದನ್ನು ಬೂದಿಯಲ್ಲಿ ಸುಟ್ಟರೆ ರೊಟ್ಟಿ. ಮಕ್ಕಳು ಅಷ್ಟು ಹೊತ್ತೂ ತಡೆಯದೆ ಹಸಿ ಹಿಟ್ಟನ್ನೇ ನೆಕ್ಕಿ ಬೈಸಿಕೊಳ್ಳುತ್ತಿದ್ದವು.

ತೆನೆ ಮುಗಿದ ಮೇಲೆ ಅವರು ಬೇರೆ ನೀರಿನ ಕಡೆ ಹೋಗುತ್ತಿದ್ದರು. ನನ್ನನ್ನು ಹೊರುವುದು ಕಷ್ಟ, ಕೈಗಲ್ಲನ್ನು ಮಾತ್ರ ತಟ್ಟೆಯಲ್ಲಿ ಹಾಕಿಕೊಂಡು, ನನ್ನನ್ನು ಬೋರಲು ಹಾಕಿ ಹೋಗುತ್ತಿದ್ದರು. ಅರೆಯುವ ಮುಖ ನೆಲಕ್ಕೆ, ಬೆನ್ನು ಆಕಾಶಕ್ಕೆ. ಅಂದರೆ ಇದು ಯಾರದೋ ಕಲ್ಲು, ಅವರು ಬರುತ್ತಾರೆ ಎಂದು ಅರ್ಥ. ದಾರಿಹೋಕರು ಹಸಿದು ಬಂದರೆ ನನ್ನನ್ನು ಎತ್ತಿ ಕಾಳು ಅರೆದುಕೊಳ್ಳಬಹುದು. ಆದರೆ ಹೋಗುವಾಗ ಮತ್ತೆ ಬೋರಲು ಹಾಕಿಯೇ ಹೋಗಬೇಕು. ಹಾಗೆ ಮಾಡದವನನ್ನು ನಾನು ಒಬ್ಬನನ್ನೂ ಕಾಣಲಿಲ್ಲ, ಬಿಳಿಯರು ಬರುವವರೆಗೆ.

ಮೊದಲ ಒಡತಿಯಿಂದ ಮಗಳಿಗೆ, ಅವಳಿಂದ ಅವಳ ಮಗಳಿಗೆ ದಾಟುತ್ತ ನನ್ನ ಎದೆಯಲ್ಲಿ ಉದ್ದನೆಯ ಹಳ್ಳವೊಂದು ಬಿತ್ತು. ನಾಲ್ಕನೆಯವಳು ಎಡಗೈಯವಳು. ಹಳ್ಳವನ್ನು ಎಡಕ್ಕೆ ಎಳೆದು ವಾರೆ ಮಾಡಿದಳು. ನನ್ನ ಅಂದ ಕೆಟ್ಟಿತೆಂದು ನನಗೆ ಬಹಳ ದಿನ ಮುನಿಸಿತ್ತು. ಅಂಥ ಮುನಿಸನ್ನು ಯಾರು ಕೇಳುತ್ತಾರೆ, ಅವಳಂತೂ ಹಾಡಿಕೊಂಡು ಅರೆಯುತ್ತಲೇ ಇದ್ದಳು.

ಬಿಳಿಯರಿಗಿಂತ ಮೊದಲು ಅವರ ಸಾಮಾನು ಬಂತು. ಕಡಲತೀರದಲ್ಲಿ ಅವರ ಹಡಗು ಇಳಿದು ಎಷ್ಟೋ ಕಾಲವಾದ ಮೇಲೆ ಕೈಯಿಂದ ಕೈಗೆ ದಾಟುತ್ತ ಒಂದು ಬಾಟಲಿಯ ಚೂರು, ಒಂದು ಕಬ್ಬಿಣದ ಮೊಳೆ ನಮ್ಮ ಒರತೆಗೆ ತಲುಪಿದವು. ಎಲ್ಲರೂ ಮುಟ್ಟಿ ನೋಡಿ ಆಶ್ಚರ್ಯಪಟ್ಟರು. ಆಮೇಲೆ ಒಂಟೆಗಳ ಸಾಲಿನೊಂದಿಗೆ ಒಬ್ಬ ಸರ್ವೆಯವನು ಬಂದ. ಅವನ ಒಂಟೆಗಳು ಮೂವತ್ತು ಜನರ ಹದಿನೈದು ದಿನದ ನೀರನ್ನು ಒಂದು ಮಧ್ಯಾಹ್ನಕ್ಕೆ ಕುಡಿದು ಮುಗಿಸಿದವು. ಸರ್ವೆಯವನು ನಕಾಶೆ ಬಿಡಿಸಿ ಒರತೆಗೆ ತನ್ನ ಅತ್ತೆಯ ಹೆಸರಿಟ್ಟ. ಹ್ಯಾರಿಯಟ್ ಬಾವಿ. ಆ ಮಹಾತಾಯಿ ಒಂದು ಸಲವಾದರೂ ಬಂದು ಅದರ ನೀರು ಕುಡಿದಳೇ ಎಂದರೆ ಅದೂ ಇಲ್ಲ.

ಅವನು ಹೋದ ಮೇಲೆ ದನ ಬಂದವು. ಕಡಲಾಚೆಯ ದೊರೆತನ ಇಡೀ ಖಂಡವನ್ನೇ ಯಾರಿಗೂ ಸೇರದ ನೆಲವೆಂದು ಎಣಿಸಿತ್ತಂತೆ. ಯಾರಿಗೂ ಸೇರದ್ದನ್ನು ಯಾರಿಗೆ ಬೇಕಾದರೂ ಕೊಡಬಹುದಲ್ಲ, ಹಾಗೆ ನಮ್ಮ ಒರತೆಯ ಸುತ್ತಲಿನ ಸೀಮೆ ಒಂದು ದನದ ಕಂಪನಿಯ ಪಾಲಾಯಿತು. ದನಗಳು ತೆನೆಯ ಹುಲ್ಲನ್ನು ಬುಡ ಸಮೇತ ಮೇಯ್ದವು, ಒರತೆಯನ್ನು ತುಳಿದು ರಾಡಿ ಮಾಡಿದವು. ಹಸಿದ ಜನ ಒಂದು ಹೋರಿಯನ್ನು ಈಟಿಯಿಂದ ಹೊಡೆದು ತಿಂದರು. ನಾಲ್ಕನೇ ದಿನ ಬೆಳಗಿನ ಬಿಸಿಲಿನಲ್ಲಿ ಕುದುರೆಯ ಮೇಲೆ ಬಂದೂಕಿನವರು ಬಂದರು. ಒಂಬತ್ತು ಜನ ಒರತೆಯ ದಂಡೆಯಲ್ಲೇ ಬಿದ್ದರು. ಕಲ್ಲಿಗೆ ಕರುಳಿಲ್ಲ ಎನ್ನುವವರು ಆ ಬೆಳಿಗ್ಗೆ ನನ್ನ ಪಕ್ಕದಲ್ಲಿ ಇರಬೇಕಿತ್ತು. ಇಂದಿಗೂ ನನಗೆ ಅದರ ಸಂಕಟ ಹೋಗಿಲ್ಲ.

ಎಡಗೈಯ ಅಜ್ಜಿ ಮೊಮ್ಮಗಳನ್ನು ಅವುಚಿಕೊಂಡು ಪೊದೆಯಲ್ಲಿ ಅಡಗಿ ಉಳಿದಳು. ಸಂಜೆಗೆ ಬಂದೂಕಿನವರು ಹೋದ ಮೇಲೆ ಹೊರಗೆ ಬಂದು, ಸತ್ತವರಿಗೆ ಮಾಡಬೇಕಾದ್ದನ್ನು ಮಾಡಿ, ನನ್ನ ಹತ್ತಿರ ಕೂತಳು. ಮೊಮ್ಮಗಳಿಗೆ ಆರು ವರ್ಷ. ಆ ವರ್ಷವಷ್ಟೇ ಅರೆಯಲು ಕಲಿಯುತ್ತಿದ್ದಳು. ದೊಡ್ಡವರ ಹಳ್ಳ ಕೈಗೆ ಎಟುಕದೆ ನನ್ನ ಅಂಚಿನಲ್ಲಿ ತನ್ನದೇ ಗೇಣುದ್ದದ ಪುಟ್ಟ ಹಳ್ಳ ಮಾಡಿಕೊಂಡಿದ್ದಳು. ಅಜ್ಜಿ ನನ್ನನ್ನು ಎತ್ತಿ ಬೋರಲು ಹಾಕಿದಳು.

"ಅಜ್ಜಿ, ಕಲ್ಲು ಬಿಟ್ಟು ಹೋಗೋದಾ?"

"ಬಿಡ್ತಾ ಇಲ್ಲ ಮಗಾ. ಬೋರಲು ಹಾಕ್ತಾ ಇದೀನಿ, ಸರಿಯಾಗಿ ನೋಡಿಕೋ. ಬೋರಲು ಹಾಕಿದೋರು ವಾಪಸ್ ಬರಬೇಕು."

"ಯಾವಾಗ?"

"ನನ್ನ ಕೈಲಿ ಆಗದೇ ಇದ್ರೆ, ನೀನು."

ಕೈಗಲ್ಲನ್ನು ತಟ್ಟೆಗೆ ಹಾಕಿಕೊಂಡು ಇಬ್ಬರೂ ದಕ್ಷಿಣಕ್ಕೆ ನಡೆದರು. ಅವರ ಹೆಜ್ಜೆಯ ಸದ್ದು ನೆಲದೊಳಗಿಂದ ಬಹಳ ಹೊತ್ತು ನನಗೆ ಕೇಳಿಸುತ್ತಿತ್ತು.

ಏಳು ವರ್ಷ ಹಾಗೇ ಮಲಗಿದ್ದೆ. ಬೇಸರವೇನೂ ಇರಲಿಲ್ಲ, ಕಾಯುವುದು ನನ್ನ ಕಸುಬು. ಎಂಟನೇ ವರ್ಷ ಕನ್ನಡಕದ ವಿದ್ವಾಂಸನೊಬ್ಬ ನೋಟುಬುಕ್ಕು ಹಿಡಿದು ಬಂದ. ಒಳ್ಳೆಯವನೇ. ನನ್ನನ್ನು ಕಂಡು ಅವನಿಗೆ ನಿಜವಾಗಿ ಸಂತೋಷವಾಯಿತು. ಕೆಟ್ಟದ್ದಾಗಲು ಕೆಟ್ಟವರೇ ಬೇಕೆಂದಿಲ್ಲ ಎನ್ನುವುದನ್ನು ನಾನು ಅವನಿಂದ ಕಲಿತೆ. ಬೋರಲು ಬಿದ್ದಿದ್ದ ನನ್ನನ್ನು ಅಂಗಾತ ತಿರುಗಿಸಿ, ಹಳ್ಳ ಅಳೆದು, ಒಂದು ಚೀಟಿ ಬರೆದು ನನ್ನ ಕೊರಳಿಗೆ ದಾರದಲ್ಲಿ ಕಟ್ಟಿದ. "ಬಿಸಾಡಿದ ಅರೆಯುವ ಕಲ್ಲು. ಮಗುಚಿ ಬಿದ್ದಿತ್ತು. ಜನರು ತೊರೆದುಹೋದ ಜಾಗ, ಹ್ಯಾರಿಯಟ್ ಬಾವಿ." ಮೂರು ದಿನದ ದಾರಿಯಲ್ಲೇ ಮೂಲ ಜನರನ್ನು ಕೂಡಿಹಾಕಿದ್ದ ಪಾದ್ರಿಗಳ ಮಿಷನ್ ಇತ್ತು, ಅಲ್ಲಿ ಅಜ್ಜಿ ಇದ್ದಳು. ಒಂದು ಮಾತು ಕೇಳಿದ್ದರೆ ಸಾಕಿತ್ತು. ಓದಿದವನಿಗೆ ಕೇಳುವ ಅಭ್ಯಾಸ ಕಡಿಮೆ.

ರೈಲು ಹತ್ತಿ ಕಡಲತೀರದ ಪಟ್ಟಣಕ್ಕೆ ಹೋದೆ. ಅಲ್ಲಿ ಮ್ಯೂಸಿಯಮ್ಮಿನ ಗಾಜಿನ ಪೆಟ್ಟಿಗೆಯಲ್ಲಿ ನನ್ನನ್ನು ಅಂಗಾತ ಮಲಗಿಸಿದರು. ಅರವತ್ತು ವರ್ಷ ದೀಪದ ಕೆಳಗೆ ಹೊಟ್ಟೆ ತೋರಿಸಿಕೊಂಡು ಮಲಗಿದ್ದೆ. ನಿಮಗೆ ಯಾರಾದರೂ ಹಾಗೆ ಮಾಡಿದ್ದರೆ ನನ್ನ ನಾಚಿಕೆ ಅರ್ಥವಾಗುತ್ತಿತ್ತು. ಶಾಲೆಯ ಮಕ್ಕಳು ಸಾಲಾಗಿ ಬರುತ್ತಿದ್ದರು. "ಈ ಜನ ಈಗ ಇಲ್ಲ ಮಕ್ಕಳೇ" ಎಂದು ಟೀಚರು ಹೇಳುತ್ತಿದ್ದರು. ಇದ್ದಾರೆ ತಾಯಿ, ಬರುತ್ತಾರೆ ಎಂದು ನಾನು ಎಷ್ಟು ಹೇಳಿದರೂ ಗಾಜು ದಾಟಿ ಹೋಗುತ್ತಿರಲಿಲ್ಲ.

ಒಂದು ದಿನ ಬಂದೇ ಬಂದಳು. ಊರುಗೋಲು, ಹೂವಿನ ಚಿತ್ರದ ಗೌನು, ಬೆಳ್ಳಗಾದ ಕೂದಲು. ಜೊತೆಗೆ ಅವಳ ಮೊಮ್ಮಗಳು ಕೋರಲ್, ಪೆಟ್ಟಿಗೆಯ ಬೀಗದ ಕೈ ಹಿಡಿದ ಮ್ಯೂಸಿಯಮ್ಮಿನ ಅಧಿಕಾರಿ ಹೆಲೆನ್. ಮುದುಕಿಯನ್ನು ನಾನು ಗುರುತಿಸಲಿಲ್ಲ, ಸುಳ್ಳು ಏಕೆ ಹೇಳಲಿ. ಆರು ವರ್ಷದ ಹುಡುಗಿಯನ್ನು ಕಾಯುತ್ತಿದ್ದವನಿಗೆ ಎಪ್ಪತ್ತು ದಾಟಿದ ಮುಖ ಹೇಗೆ ಗೊತ್ತಾಗಬೇಕು. ಮಿಷನ್ನಿನಲ್ಲಿ ಅವಳಿಗೆ ಐವಿ ಎಂದು ಹೆಸರಿಟ್ಟಿದ್ದರು, ಇಂಗ್ಲೆಂಡಿನ ಗೋಡೆಗಳ ಮೇಲೆ ಹಬ್ಬುವ ಒಂದು ಬಳ್ಳಿಯ ಹೆಸರಂತೆ. ಐವಿ ಗಾಜಿನ ಮುಂದೆ ನಿಂತು ನನ್ನನ್ನು ನೋಡಿದಳು.

"ಇದನ್ನ ಹೀಗೆ ಅಂಗಾತ ಮಲಗಿಸಿದೋರು ಯಾರು?"

ಹೆಲೆನ್‌ಗೆ ಪ್ರಶ್ನೆ ಅರ್ಥವಾಗಲಿಲ್ಲ. "ಹಳ್ಳ ಕಾಣಲಿ ಅಂತ ಹಾಗೆ ಇಟ್ಟಿದ್ದಾರೆ. ಮುಟ್ಟಬೇಕಾದರೆ ಗ್ಲೌಸ್ ಹಾಕಿಕೊಳ್ಳಬೇಕು."

"ಅದನ್ನ ಅರೆಯೋಕೆ ಕಲಿತಾಗ ನಾನು ಗ್ಲೌಸ್ ಹಾಕಿರಲಿಲ್ಲ ಮಗಳೇ" ಎಂದಳು ಐವಿ. ಹೆಲೆನ್ ಬೀಗ ತಿರುಗಿಸಿ ಗಾಜು ತೆರೆದಳು. ಬರಿಗೈ ನನ್ನ ಮೇಲೆ ಬಂತು. ದೊಡ್ಡ ಹಳ್ಳವನ್ನು ದಾಟಿ, ಎಡಕ್ಕೆ ವಾಲಿದ ವಾರೆಯನ್ನು ಸವರಿ, ನೇರವಾಗಿ ಅಂಚಿನ ಪುಟ್ಟ ಹಳ್ಳಕ್ಕೇ ಹೋಯಿತು. ಆಗ ಗುರುತು ಸಿಕ್ಕಿತು. ಜೀವಮಾನದಲ್ಲಿ ಅಷ್ಟು ಸಂತೋಷ ನನಗೆ ಇನ್ನೊಂದು ಸಲ ಆದದ್ದಿಲ್ಲ.

ಅವಳು ಬರೀ ನೋಡಲು ಬಂದಿರಲಿಲ್ಲ. ಕಾನೂನು ಬದಲಾಗಿತ್ತು. ಮೂಲ ಜನ ತಮ್ಮ ನೆಲವನ್ನು ಮರಳಿ ಕೇಳಬಹುದಿತ್ತು. ಆದರೆ ತಾವು ಆ ನೆಲದ ನಂಟು ಬಿಟ್ಟಿಲ್ಲವೆಂದು ತೋರಿಸಬೇಕಿತ್ತು. ಐವಿ ಒರತೆಯನ್ನು ಕೇಳಿದ್ದಳು. ದನದ ಕಂಪನಿಯವರು ಇವರು ತಾವಾಗಿಯೇ ಬಿಟ್ಟುಹೋದವರೆಂದು ಎದುರು ವಾದ ಹೂಡಿದ್ದರು. ಅದಕ್ಕೆ ಅವರ ದೊಡ್ಡ ಸಾಕ್ಷಿ ನನ್ನ ಕೊರಳಿನ ಚೀಟಿ.

"ಅವರ ವಕೀಲರು ಹೋದ ತಿಂಗಳು ಬಂದು ಇದರ ನಕಲು ತೆಗೆದುಕೊಂಡು ಹೋದರು" ಎಂದು ಹೆಲೆನ್ ತಗ್ಗಿದ ದನಿಯಲ್ಲಿ ಹೇಳಿದಳು.

ಯಾರ ಅನ್ನ ಅರೆದೆನೋ ಅವರ ವಿರುದ್ಧವೇ ನನ್ನನ್ನು ಸಾಕ್ಷಿಗೆ ನಿಲ್ಲಿಸಿದ್ದರು. ಅರವತ್ತು ವರ್ಷ ಸುಳ್ಳನ್ನು ಕೊರಳಿಗೆ ಕಟ್ಟಿಕೊಂಡು ಮಲಗಿದ್ದೆನಲ್ಲ ಎಂದು ನನ್ನ ಮೇಲೇ ಸಿಟ್ಟು ಬಂತು. ಐವಿಗೆ ಮಾತ್ರ ಸಿಟ್ಟು ಬರಲಿಲ್ಲ.

"ಹಾಗಿದ್ರೆ ಕಲ್ಲೂ ನಮ್ಮ ಜೊತೆ ಬರಲಿ. ಅದರ ಮಾತನ್ನ ಅದೇ ಹೇಳಲಿ" ಎಂದಳು.

ಹೆಲೆನ್ ಮೇಲಿನವರ ಬಾಗಿಲು ಬಾಗಿಲಿಗೆ ಅಲೆದು ಹದಿನೈದು ದಿನದ ಎರವಲಿಗೆ ಅಪ್ಪಣೆ ತಂದಳು. ನನ್ನನ್ನು ಸ್ಪಂಜು ತುಂಬಿದ ಪೆಟ್ಟಿಗೆಯಲ್ಲಿಟ್ಟು ಜೀಪಿನಲ್ಲಿ ಹೊರಡಿಸಿದರು. ಅದರಲ್ಲೇ ಒಂದು ಹಳೆಯ ಟವೆಲಿನಲ್ಲಿ ಸುತ್ತಿ ನನ್ನ ಕೈಗಲ್ಲು ಕೂತಿತ್ತು. ದಾರಿಯುದ್ದಕ್ಕೂ ಅದು ತನ್ನ ಕಥೆ ಹೇಳಿತು. ಮಿಷನ್ನಿನಲ್ಲಿ ಹಳೆಯ ಸಾಮಾನೆಲ್ಲ ಕಿತ್ತುಕೊಂಡು, ಚೀಲದ ಬಿಳಿ ಮೈದಾ ಹಂಚುತ್ತಿದ್ದರಂತೆ. ಅಜ್ಜಿ ಕೈಗಲ್ಲನ್ನು ಬಾಗಿಲಿಗೆ ಒತ್ತಿಡುವ ಕಲ್ಲು ಮಾಡಿಬಿಟ್ಟಳು. ಮಿಷನ್ ನೋಡಿಕೊಳ್ಳುತ್ತಿದ್ದ ದೊಡ್ಡಮ್ಮ ದಿನಕ್ಕೆ ಹತ್ತು ಸಲ ಅದನ್ನು ಕಾಲಿನಿಂದ ಸರಿಸಿ ಓಡಾಡಿದಳೇ ಹೊರತು ಒಂದು ದಿನವೂ ಅನುಮಾನಪಡಲಿಲ್ಲ. ಅಜ್ಜಿ ಹೋದ ಮೇಲೆ ಐವಿ ಎಲ್ಲಿ ಅಡುಗೆ ಕೆಲಸಕ್ಕೆ ಸೇರಿದರೂ ಅವಳ ಕೋಣೆಯ ಬಾಗಿಲಿಗೆ ಅದೇ ಕಲ್ಲು. ನಾನು ಗಾಜಿನೊಳಗೆ ಮೆರೆಯುತ್ತಿದ್ದಾಗ ಅದು ಒದೆ ತಿನ್ನುತ್ತಿತ್ತು. ಹಾಗೆಂದು ನನ್ನನ್ನು ಚೆನ್ನಾಗಿ ಛೇಡಿಸಿತು.

ವಿಚಾರಣೆ ಒರತೆಯ ಬಳಿಯಲ್ಲೇ ನಡೆಯಿತು. ಜಡ್ಜರು ಟಾರ್ಪಾಲಿನ ನೆರಳಿನಲ್ಲಿ ಮಡಚುವ ಕುರ್ಚಿ ಹಾಕಿಸಿಕೊಂಡು ಕೂತರು. ಕಂಪನಿಯ ವಕೀಲ ಎತ್ತರದ ಮನುಷ್ಯ, ಮಾತಿನಲ್ಲಿ ಮರ್ಯಾದೆ ಇದ್ದವನು. ನನ್ನನ್ನು ಎಲ್ಲರ ಮುಂದೆ ನೆಲದ ಮೇಲಿಟ್ಟಿದ್ದರು. ಅವನು ಚೀಟಿ ಓದಿದ.

"ಕಣ್ಣಾರೆ ಕಂಡ ವಿದ್ವಾಂಸರು ಬರೆದಿದ್ದು ಇದು. ಕಲ್ಲು ಮಗುಚಿ ಬಿದ್ದಿತ್ತು, ಬಿಸಾಡಿದ್ದರು. ಬೇಕಾದ ಕಲ್ಲನ್ನು ಯಾರಾದರೂ ಬಿಟ್ಟುಹೋಗುತ್ತಾರೆಯೇ, ಐವಿ ಅವರೇ?"

ಐವಿ ನಿಧಾನವಾಗಿ ತಲೆಯೆತ್ತಿದಳು. ಅವಳ ಕಣ್ಣು ವಕೀಲನ ಹಿಂದಿನ ಮೇಜಿನ ಮೇಲೆ ಹೋಯಿತು. ಶಿಬಿರದ ಅಡುಗೆಯವಳು ಊಟದ ನಂತರ ಎಲ್ಲರ ಎನಾಮಲ್ ಮಗ್ಗುಗಳನ್ನು ತೊಳೆದು ಅಲ್ಲಿ ಸಾಲಾಗಿ ಜೋಡಿಸಿದ್ದಳು.

"ನಾನೊಂದು ಕೇಳಬಹುದಾ?" ಎಂದು ಐವಿ ಜಡ್ಜರನ್ನು ಕೇಳಿದಳು. ಅವರು ತಲೆಯಾಡಿಸಿದರು. ಅವಳು ವಕೀಲನ ಕಡೆ ತಿರುಗಿದಳು. "ಆ ಮಗ್ಗುಗಳನ್ನ ಬಿಸಾಡಿದ್ದು ಯಾರು?"

ವಕೀಲ ತಿರುಗಿ ನೋಡಿದ. "ಬಿಸಾಡಿಲ್ಲ. ತೊಳೆದು ಇಟ್ಟಿದ್ದಾರೆ."

"ಬೋರಲು ಯಾಕೆ ಹಾಕಿದ್ದಾರೆ?"

"ಒಳಗೆ ಧೂಳು ಕೂರಬಾರದು ಅಂತ."

"ಕೂತರೆ ಏನಾಯ್ತು?"

ವಕೀಲ ಕೈಯಲ್ಲಿದ್ದ ಕಾಗದವನ್ನು ಮಡಚತೊಡಗಿದ. ಮಾತು ಎಲ್ಲಿಗೆ ಹೋಗುತ್ತಿದೆಯೆಂದು ಅವನಿಗೆ ಹೊಳೆದಿರಬೇಕು. ಉತ್ತರ ಹೇಳಿದವರು ಜಡ್ಜರು.

"ಸಾಯಂಕಾಲ ಮತ್ತೆ ಟೀ ಕುಡಿಯಬೇಕಲ್ಲಮ್ಮ."

"ನಮ್ಮಜ್ಜಿನೂ ಅದಕ್ಕೇ ಹಾಕಿದ್ದು" ಎಂದಳು ಐವಿ. "ಬಂದು ಅರೀಬೇಕು ಅಂತ. ಬರೋಕೆ ನೀವು ಬಿಡಲಿಲ್ಲ."

ಐವಿ ಕೋರಲ್‌ಳ ಭುಜ ಹಿಡಿದು ನೆಲಕ್ಕೆ ಕೂತಳು. ಟವೆಲು ಬಿಚ್ಚಿ ಕೈಗಲ್ಲನ್ನು ತೆಗೆದು ನನ್ನ ದೊಡ್ಡ ಹಳ್ಳದಲ್ಲಿಟ್ಟಳು. ಎಡಗೈಯವಳು ಅಷ್ಟು ವರ್ಷ ತೀಡಿ ಮಾಡಿದ ವಾರೆಗೆ ಅದರ ಸವೆದ ಮಗ್ಗುಲು ಕೂದಲೆಳೆಯಷ್ಟೂ ಸಂದಿಲ್ಲದೆ ಕೂತಿತು. ಅಂದು ನಾನು ಕೆಟ್ಟ ಅಂದಕ್ಕೆ ಮುನಿಸಿಕೊಂಡಿದ್ದೆನಲ್ಲ, ಅದಕ್ಕೆ ಈಗ ಅವಳ ಕಾಲಿಗೆ ಬೀಳಬೇಕೆನಿಸಿತು. ನೇರ ಹಳ್ಳವಾಗಿದ್ದರೆ ಯಾವ ಕಲ್ಲಾದರೂ ಕೂರುತ್ತಿತ್ತು. ಆಮೇಲೆ ಐವಿ ಅಂಚಿನ ಪುಟ್ಟ ಹಳ್ಳ ತೋರಿಸಿದಳು. "ಇದು ನಂದು" ಎಂದಷ್ಟೇ ಹೇಳಿದಳು. ಜಡ್ಜರು ಕುರ್ಚಿಯಿಂದ ಎದ್ದು ಬಂದು, ಮಂಡಿಯೂರಿ, ಹೆಬ್ಬೆರಳಿನಿಂದ ಅದರ ಉದ್ದಕ್ಕೂ ಸವರಿದರು. ಕೆಂಪು ಧೂಳು ಅವರ ಪ್ಯಾಂಟಿಗೆ ಮೆತ್ತಿತು, ಅವರು ಒರೆಸಿಕೊಳ್ಳಲಿಲ್ಲ.

ತೀರ್ಪಿಗೆ ಹದಿನಾಲ್ಕು ತಿಂಗಳಾಯಿತು. ಅಷ್ಟು ದಿನ ನಾನು ಮತ್ತೆ ಮ್ಯೂಸಿಯಮ್ಮಿನಲ್ಲಿ. ಆದರೆ ಹೆಲೆನ್ ಈ ಸಲ ನನ್ನನ್ನು ಬೋರಲು ಮಲಗಿಸಿದಳು. ಬಂದವರೆಲ್ಲ ಇದರಲ್ಲಿ ನೋಡುವುದೇನಿದೆ ಎಂದು ಗೊಣಗಿಕೊಂಡು ಹೋದರು. ಕೊನೆಗೆ ಸುದ್ದಿ ಬಂತು. ದೂರದ ಹುಲ್ಲುಗಾವಲೆಲ್ಲ ಕಂಪನಿಗೇ ಉಳಿಯಿತು. ಒರತೆ, ಅದರ ಸುತ್ತಲಿನ ಗುಡ್ಡ, ಒಂಬತ್ತು ಜನ ಮಲಗಿರುವ ದಂಡೆ ಐವಿಯ ಜನರಿಗೆ ಬಂದವು. ಅನ್ಯಾಯಕ್ಕೆ ತಕ್ಕ ಪರಿಹಾರವೇನೂ ಅಲ್ಲ ಅದು. ಆದರೂ ಐವಿ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಮ್ಯೂಸಿಯಮ್ಮಿನವರು ನನ್ನನ್ನೂ ಕಾಯಮ್ಮಾಗಿ ಬಿಟ್ಟುಕೊಟ್ಟರು. ಹೊಸ ಚೀಟಿ ಬರೆದುಕೊಡೋಣವೇ ಎಂದು ಹೆಲೆನ್ ಕೇಳಿದಾಗ ಐವಿ ಬೇಡವೆಂದಳು.

ಒರತೆಗೆ ಬೇಲಿ ಹಾಕಿ ದನ ಬಾರದಂತೆ ಮಾಡಿದರು. ಮೂರನೇ ಮಳೆಗೆ ತೆನೆಯ ಹುಲ್ಲು ತಾನಾಗಿ ಎದ್ದಿತು. ಕೋರಲ್ ಕೇರಿ ತಂದಳು, ಐವಿ ನನ್ನ ಮುಂದೆ ಕೂತು ಅರೆದಳು. ಮೊದಲ ಸಲ ಹಿಟ್ಟಿನಲ್ಲಿ ಮರಳು ಸೇರಿತು. ಕೋರಲ್ ಮುಖ ಕಿವುಚಿದಳು, ಐವಿ ನಕ್ಕು ಅದನ್ನೇ ಸುಟ್ಟು ತಿಂದಳು. ಈಗ ಐವಿಗೆ ದೊಡ್ಡ ಹಳ್ಳ ಕೈಗೆ ಎಟುಕುತ್ತದೆ. ಅಂಚಿನ ಪುಟ್ಟ ಹಳ್ಳದಲ್ಲಿ ಕೋರಲ್‌ಳ ಮಗಳು ಕಲಿಯುತ್ತಿದ್ದಾಳೆ.

ನನಗೂ ವಯಸ್ಸಾಯಿತು. ಹಳ್ಳದ ತಳ ಬೆರಳಿನಷ್ಟು ದಪ್ಪ ಉಳಿದಿದೆ, ಒಂದು ದಿನ ತೂತು ಬೀಳುತ್ತೇನೆ. ಬಿದ್ದರೆ ಬೀಳಲಿ, ಅರೆದು ಸವೆಯುವುದು ಕಲ್ಲಿನ ಪುಣ್ಯ. ಹೋದ ತಿಂಗಳು ಐವಿಗೆ ಉಸಿರಾಟದ ತೊಂದರೆಯಾಗಿ ಪಟ್ಟಣದ ಆಸ್ಪತ್ರೆಗೆ ಕರೆದುಕೊಂಡು ಹೋದರು. ಜೀಪು ಹತ್ತುವ ಮೊದಲು ಎಲ್ಲರೂ ಬೇಡವೆಂದರೂ ಕೇಳದೆ ಬಗ್ಗಿದಳು, ಕೋರಲ್ ಒಂದು ಕಡೆ ಹಿಡಿಯಲು ತಾನೊಂದು ಕಡೆ ಹಿಡಿದು ನನ್ನನ್ನು ಬೋರಲು ಹಾಕಿದಳು. ಕೈಗಲ್ಲನ್ನು ಚೀಲದಲ್ಲಿ ಹಾಕಿಕೊಂಡಳು.

ನಿನ್ನೆ ಯಾರೋ ಪ್ರವಾಸಿಗರು ಇಲ್ಲಿ ಕಾರು ನಿಲ್ಲಿಸಿದ್ದರು. ಒಬ್ಬ ನನ್ನನ್ನು ಬೂಟಿನ ತುದಿಯಿಂದ ಮುಟ್ಟಿ "ಹಳೇ ಕಲ್ಲು, ಬಿಸಾಡಿದ್ದಾರೆ" ಎಂದ. ಹಿಂದಿನ ಕಾಲವಾಗಿದ್ದರೆ ನನಗೆ ಎದೆ ಒಡೆಯುತ್ತಿತ್ತು. ಈಗ ನಗು ಬಂತು.

ತೀರಿಹೋದವರ ಹೆಸರನ್ನು ನಾನು ಬಾಯಲ್ಲಿ ಎತ್ತುವುದಿಲ್ಲ ಎಂದು ಆಗಲೇ ಹೇಳಿದ್ದೆ. ಐವಿ ಎಂದು ಎಷ್ಟು ಸಲ ಹೇಳಿದೆ ಎಂದು ನೀವೇ ನೋಡಿಕೊಳ್ಳಿ. ಮಳೆ ಚೆನ್ನಾಗಿ ಬಿದ್ದಿದೆ, ನನ್ನ ಬೆನ್ನಿನ ಸುತ್ತ ಹುಲ್ಲು ತೆನೆ ಕಟ್ಟುತ್ತಿದೆ. ಐವಿ ಬರುತ್ತಾಳೆ.